11 ವರ್ಷ ಮನೆಮನೆ ಸುತ್ತಿದೆ, ಈಗ ಪಕ್ಷದ ಕಚೇರಿ ಕಡೆ ಕಾಲೇ ಹೋಗುತ್ತಿಲ್ಲ

ಮನೆಮನೆ ಸುತ್ತಿದವ

ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದೆ. ಯಾವ ಪಕ್ಷ ಅಂತ ಹೇಳುವುದಿಲ್ಲ. ಹೇಳಿದರೆ ಮಾತೆಲ್ಲ ಆ ಪಕ್ಷದ ಕಡೆ ತಿರುಗುತ್ತದೆ, ನನ್ನ ಸಂಕಟ ಅಲ್ಲೇ ಮುಳುಗಿಹೋಗುತ್ತದೆ. ಬೇರೆ ಪಕ್ಷಗಳಲ್ಲಿ ದುಡಿಯುವ ಗೆಳೆಯರ ಜೊತೆ ಮಾತಾಡಿದ್ದೇನೆ. ಬಾವುಟ ಬೇರೆ, ಕಥೆ ಒಂದೇ.

24ನೇ ವಯಸ್ಸಿಗೆ ಸೇರಿದೆ. ಯಾರೂ ಒತ್ತಾಯ ಮಾಡಲಿಲ್ಲ. ಒಂದು ಸಭೆಗೆ ಸುಮ್ನೆ ಹೋಗಿದ್ದೆ. ಆಗಿನ ನಮ್ಮ ಘಟಕದ ಅಧ್ಯಕ್ಷರು ಹಿಂದಿನ ಸಾಲಲ್ಲಿ ಕೂತಿದ್ದ ನನ್ನನ್ನು ನೋಡಿ, "ನಿನಗೇನನ್ನಿಸುತ್ತಪ್ಪಾ, ಹೇಳು" ಅಂದರು. ತಡವರಿಸಿ ಏನೋ ಹೇಳಿದೆ. ಅವರು ಅದನ್ನು ಬರೆದುಕೊಂಡರು. ಅಷ್ಟೇ. ನನ್ನ ಮಾತನ್ನೂ ಒಬ್ಬರು ಬರೆದುಕೊಂಡರಲ್ಲ ಅನ್ನುವ ಖುಷಿಯಲ್ಲೇ ಮುಂದಿನ ಐದಾರು ವರ್ಷ ಓಡಾಡಿದೆ.

ಕೆಲಸ ಗೊತ್ತಿರುವವರಿಗೆ ವಿವರಿಸಬೇಕಿಲ್ಲ. ಮತದಾರರ ಪಟ್ಟಿ ಹಿಡಿದು ಒಂದೊಂದೇ ಹೆಸರು ತಾಳೆ ನೋಡುವುದು. ತೀರಿಕೊಂಡವರು, ಮನೆ ಬದಲಿಸಿದವರು, ಮದುವೆಯಾಗಿ ಹೋದವರು, ಹೆಸರು ತಪ್ಪಾದವರು, ಎಲ್ಲರ ಲೆಕ್ಕ. ಕರಪತ್ರ ಹಂಚುವುದು. ಮತದಾನದ ದಿನ ಬೆಳಗ್ಗೆ ಕತ್ತಲಿದ್ದಾಗಲೇ ಮತಗಟ್ಟೆಗೆ ಹೋಗಿ, ಪೆಟ್ಟಿಗೆಗೆ ಸೀಲ್ ಬೀಳುವವರೆಗೂ ಏಜೆಂಟ್ ಆಗಿ ಕೂರುವುದು. ಇದರ ಜೊತೆಗೆ ನನ್ನದೇ ಒಂದು ಅಭ್ಯಾಸ ಇತ್ತು. ಒಂದು ನೋಟ್‌ಬುಕ್ ಇಟ್ಟಿದ್ದೆ. ಯಾವ ಮನೆಯವರು ಏನು ಹೇಳಿದರು ಅಂತ ಅವತ್ತೇ ರಾತ್ರಿ ಬರೆಯುತ್ತಿದ್ದೆ. ಈಗ ಅಂಥ ಮೂರು ನೋಟ್‌ಬುಕ್ ಇವೆ.

ಒಂದು ಸಲ ಅದರಿಂದ ನಾಲ್ಕು ಪುಟದ ಪಟ್ಟಿ ಮಾಡಿದೆ. 212 ಮನೆ. ಮನೆಯವರ ಹೆಸರು, ಅವರ ತೊಂದರೆ, ನಮ್ಮ ಪಕ್ಷದ ಬಗ್ಗೆ ಅವರ ಅಸಮಾಧಾನ ಏನು, ಕೊನೆಯ ಕಾಲಂನಲ್ಲಿ ಫೋನ್ ನಂಬರ್. ಎಷ್ಟೋ ಮನೆಗಳಲ್ಲಿ ಬೈಸಿಕೊಂಡಿದ್ದೆ. ಆ ಬೈಗುಳದಲ್ಲೂ ವಿಷಯ ಇತ್ತು, ಅದನ್ನೂ ಸೇರಿಸಿದ್ದೆ. ಮೇಲಿನವರಿಗೆ ಕೊಟ್ಟೆ. ಎರಡು ದಿನ ಬಿಟ್ಟು ಕಚೇರಿಯಿಂದ ಫೋನ್ ಬಂತು. "ಚೆನ್ನಾಗಿದೆ. ಆದರೆ ಕೊನೆಯ ಕಾಲಂ ಒಂದೇ ಸಾಕು, ಅದನ್ನು ಮಾತ್ರ ಟೈಪ್ ಮಾಡಿ ಕಳಿಸಿಬಿಡಿ."

ಅವತ್ತೇ ಬಿಡಬೇಕಿತ್ತೇನೋ. ಬಿಡಲಿಲ್ಲ. ಟೈಪ್ ಮಾಡಿ ಕಳಿಸಿದೆ.

ಕಳೆದ ಚುನಾವಣೆಗೆ ನಾಮಪತ್ರ ಸಲ್ಲಿಸಲು 11 ದಿನ ಇರುವಾಗ ಎದುರು ಪಕ್ಷದವರೊಬ್ಬರು ನಮ್ಮಲ್ಲಿಗೆ ಬಂದರು. ಬಂದವರಿಗೇ ಟಿಕೆಟ್. ನಮಗೆ ಗೊತ್ತಾಗಿದ್ದು ಸುದ್ದಿ ನೋಡಿ. ಅದರ ಹಿಂದಿನ ಚುನಾವಣೆಯಲ್ಲಿ ನಾನು ಅದೇ ಬೀದಿಗಳಲ್ಲಿ, "ಇವರಿಗೆ ಮಾತ್ರ ಹಾಕಬೇಡಿ" ಅಂತ ಕಾರಣ ಕೊಟ್ಟು ಹೇಳಿದ್ದೆ. ಸುಳ್ಳು ಹೇಳಿರಲಿಲ್ಲ. ಆ ಕಾರಣಗಳು ಈಗಲೂ ಹಾಗೇ ಇವೆ.

ಆದರೂ ಹೋದೆ. ಒಂದು ಮನೆಯಲ್ಲಿ ವಯಸ್ಸಾದ ಅಮ್ಮ ಒಬ್ಬರೇ ಇರುತ್ತಾರೆ. ಅವರ ಪಿಂಚಣಿ ಅರ್ಜಿಗೆ ನಾನೇ ಹಿಂದೆ ಓಡಾಡಿ ಮಾಡಿಸಿಕೊಟ್ಟಿದ್ದೆ. ಹೊಸ ಕರಪತ್ರ ಕೊಟ್ಟೆ. ಅವರು ಒಳಗೆ ಹೋಗಿ ಹಳೆಯದೊಂದು ಕರಪತ್ರ ತಂದರು. ಅದರ ಹಿಂಬದಿಯಲ್ಲಿ ನಾನು ನನ್ನ ಫೋನ್ ನಂಬರ್ ಬರೆದುಕೊಟ್ಟಿದ್ದೆ, ಅದಕ್ಕೇ ಇಟ್ಟುಕೊಂಡಿದ್ದರು. ಎರಡನ್ನೂ ಪಕ್ಕಪಕ್ಕ ಹಿಡಿದು, "ಇದರಲ್ಲಿ ಯಾವುದು ನಿಜ ಮಗಾ?" ಅಂದರು. ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು.

ಉತ್ತರ ಹೇಳಲಾಗಲಿಲ್ಲ. ಉಳಿದ ಕರಪತ್ರ ಕಚೇರಿಯ ಮೇಜಿನ ಮೇಲಿಟ್ಟು ಬಂದೆ. ಆಮೇಲೆ ಹೋಗಿಲ್ಲ. ಯಾರೂ ಯಾಕೆ ಅಂತ ಕೇಳಿಲ್ಲ ಕೂಡ.

ಹುದ್ದೆ ಸಿಗಲಿಲ್ಲ ಅಂತ ನನಗೆ ಬೇಸರವಿಲ್ಲ, ಕೇಳಿಯೂ ಇರಲಿಲ್ಲ. ಸೋಲಿಗೂ ಹೆದರಿದವನಲ್ಲ, ಎರಡು ಸಲ ಸೋತ ಪಕ್ಷದಲ್ಲೇ ಇದ್ದೆ. ಅವರಿಗೆ ನಮ್ಮ ಕಾಲು ಬೇಕು, ನಾವು ಕೇಳಿಸಿಕೊಂಡು ಬಂದದ್ದು ಬೇಡ. ಇದೊಂದನ್ನು ನುಂಗಲು ಆಗುತ್ತಿಲ್ಲ. ನಿಮಗೂ ಹೀಗೆ ಆಗಿದೆಯಾ? ಆದಮೇಲೆ ಏನು ಮಾಡಿದಿರಿ?

ಮತಪಟ್ಟಿ ಅಕ್ಕ

ಓದುತ್ತಾ ಓದುತ್ತಾ ಎದ್ದು ಒಂದು ಸುತ್ತು ಓಡಾಡಿ ಬಂದೆ. ನಿಮ್ಮ ಕೊನೆಯ ಕಾಲಂ ಮಾತು ಹಾಗೆ ನಾಟಿತು.

ನಾನು ಮಹಿಳಾ ಘಟಕದಲ್ಲಿ 7 ವರ್ಷ ಇದ್ದೆ. ಸಭೆಗೆ ಹೆಂಗಸರನ್ನು ಕರೆತರುವುದು, ಮುಂದಿನ ಸಾಲು ತುಂಬಿಸುವುದು, ಫೋಟೋ ಆದಮೇಲೆ ಕಳಿಸುವುದು. ಇಷ್ಟೇ ನಮ್ಮ ಕೆಲಸ ಅಂತ ತಿಳಿಯಲು ಎರಡು ವರ್ಷ ಬೇಕಾಯಿತು. ಆಮೇಲೆ ಘಟಕದ ಕಾರ್ಯದರ್ಶಿ ಸ್ಥಾನಕ್ಕೆ ನಿಲ್ಲುತ್ತೇನೆ ಅಂದೆ. ನಿಯಮಾವಳಿಯಲ್ಲಿ ಚುನಾವಣೆ ಅಂತಲೇ ಇದೆ. ಸಭೆ ದಿನ ಬಾಗಿಲಲ್ಲೇ ಹಾಜರಿ ಹಾಳೆ ಕೊಟ್ಟರು, ಎಲ್ಲರ ಹಾಗೆ ಸಹಿ ಹಾಕಿದೆ. ಭಾಷಣಗಳಾದವು. ಹೊತ್ತಾಯಿತು ಅಂತ ಸಭೆ ಮುಗಿಸಿದರು. ಚುನಾವಣೆ ಯಾವಾಗ ಅಂತ ಕೇಳಿದೆ. "ಆಯ್ತಲ್ಲಮ್ಮ, ಸರ್ವಾನುಮತದಿಂದ ಆಯ್ಕೆ ಆಗಿದೆ" ಅಂದರು.

ನಾನು ಸಹಿ ಮಾಡಿದ ಆ ಹಾಳೆಯ ಮೇಲ್ಭಾಗ ಖಾಲಿ ಇತ್ತು. ಅಲ್ಲಿ ಆಮೇಲೆ ನಿರ್ಣಯ ಬರೆದಿದ್ದರು. ನನ್ನ ವಿರುದ್ಧ ಇನ್ನೊಬ್ಬರನ್ನು ಆರಿಸಿದ ಸರ್ವಾನುಮತದ ನಿರ್ಣಯಕ್ಕೆ ನನ್ನದೇ ಸಹಿ.

ಇದನ್ನು ಓದುವ ಹುಡುಗ ಹುಡುಗಿಯರಿಗೆ ಒಂದೇ ಮಾತು. ಖಾಲಿ ಹಾಳೆಗೆ ಸಹಿ ಹಾಕಬೇಡಿ. ಹಾಜರಿ ಅಂದರೂ ಹಾಕಬೇಡಿ. ಮೇಲೆ "ಹಾಜರಿ" ಅಂತ ನೀವೇ ಬರೆದು ಆಮೇಲೆ ಸಹಿ ಹಾಕಿ.

ಇತಿಹಾಸ ಮೇಷ್ಟ್ರು

ಇಬ್ಬರ ಅನುಭವವೂ ಹಳೆಯದು, ನೂರು ವರ್ಷಕ್ಕಿಂತ ಹಳೆಯದು. ಸಮಾಧಾನಕ್ಕೆ ಹೇಳುತ್ತಿಲ್ಲ. ನಿಮ್ಮೊಬ್ಬರ ದುರದೃಷ್ಟ ಇದಲ್ಲ ಅಂತ ತಿಳಿಯಲಿ ಅಂತ ಹೇಳುತ್ತಿದ್ದೇನೆ.

20ನೇ ಶತಮಾನದ ಶುರುವಿನಲ್ಲಿ ಜರ್ಮನಿಯ ಸೋಶಿಯಲ್ ಡೆಮಾಕ್ರಟಿಕ್ ಪಕ್ಷ ಲೋಕಕ್ಕೇ ಮಾದರಿ ಅನ್ನಿಸಿಕೊಂಡಿತ್ತು. ಕಾರ್ಮಿಕರು ತಾವೇ ಕಟ್ಟಿದ ಪಕ್ಷ. ಚಂದಾ ಕಟ್ಟುವ ಸದಸ್ಯರು 1914ರ ಹೊತ್ತಿಗೆ 10 ಲಕ್ಷ ದಾಟಿದ್ದರು. ಆ ಪಕ್ಷದಲ್ಲೇ ಇದ್ದು ನೋಡಿದ ಸಮಾಜಶಾಸ್ತ್ರಜ್ಞ ರಾಬರ್ಟ್ ಮಿಶೆಲ್ಸ್ 1911ರಲ್ಲಿ ಒಂದು ಮಾತು ಹೇಳಿದರು. ಸಂಘಟನೆ ಯಾವುದೇ ಇರಲಿ, ಎಷ್ಟೇ ಸಮಾನತೆಯ ಮಾತಾಡಲಿ, ಬೆಳೆಯುತ್ತಾ ಹೋದಂತೆ ಕೆಲವೇ ಜನರ ಕೈ ಸೇರುತ್ತದೆ. ಕಚೇರಿ, ಪತ್ರಿಕೆ, ಹಣ, ಮಾಹಿತಿ ಎಲ್ಲ ಅವರ ಹತ್ತಿರ ಇರುತ್ತದೆ. ಉಳಿದವರಿಗೆ ಸಂಜೆ ಒಂದು ಗಂಟೆ ಬಿಡುವು ಸಿಕ್ಕರೆ ಹೆಚ್ಚು. ಈ ಅಂತರ ತಾನಾಗಿಯೇ ಅಧಿಕಾರವಾಗುತ್ತದೆ. ಅದಕ್ಕೆ ಅವರು ಉಕ್ಕಿನ ನಿಯಮ ಅಂತ ಹೆಸರಿಟ್ಟರು.

ಮೂರೇ ವರ್ಷಕ್ಕೆ ಅದು ಎಲ್ಲರ ಕಣ್ಣೆದುರು ನಡೆಯಿತು. 1914ರ ಜುಲೈ ಕೊನೆಯಲ್ಲಿ ಆ ಪಕ್ಷದ ಸದಸ್ಯರು ಯುದ್ಧ ಬೇಡ ಅಂತ ಬೀದಿಗಿಳಿದಿದ್ದರು. ಆಗಸ್ಟ್ 3ರಂದು ಪಕ್ಷದ ಸಂಸದರು ಒಳಗೆ ಸೇರಿ ಮತ ಹಾಕಿದರು. ಯುದ್ಧದ ಸಾಲಕ್ಕೆ ಒಪ್ಪಿಗೆ ಕೊಡೋಣ ಅಂದವರು 78, ಬೇಡ ಅಂದವರು 14. ಮರುದಿನ ಸಂಸತ್ತಿನಲ್ಲಿ ಆ 14 ಜನರಲ್ಲಿ ಯಾರೂ ವಿರುದ್ಧ ಮತ ಹಾಕಲಿಲ್ಲ, ಶಿಸ್ತಿಗೆ ತಲೆಬಾಗಿದರು. ಬೇಡ ಅಂದಿದ್ದ ಅಧ್ಯಕ್ಷ ಹ್ಯೂಗೊ ಹಾಸೆ ಅವರೇ ಪಕ್ಷದ ಪರವಾಗಿ ಒಪ್ಪಿಗೆಯ ಹೇಳಿಕೆ ಓದಬೇಕಾಯಿತು. ಒಂದು ವಾರದ ಹಿಂದೆ ಬೀದಿಯಲ್ಲಿದ್ದ ಕಾರ್ಯಕರ್ತನ ಮನಸ್ಸು ಹೇಗಾಗಿರಬೇಕು ಯೋಚಿಸಿ. ಎರಡು ಕರಪತ್ರ ಹಿಡಿದು ಕೇಳಿದ ಆ ಅಮ್ಮನ ಪ್ರಶ್ನೆಯೇ ಅವನಿಗೂ ಬಂದಿರಬೇಕು.

ಇನ್ನೊಂದು ಮಾತು ಸೇರಿಸಲೇಬೇಕು. ಇಷ್ಟು ಸರಿಯಾಗಿ ರೋಗ ಗುರುತಿಸಿದ ಮಿಶೆಲ್ಸ್ ಮುಂದೆ ಇಟಲಿಯಲ್ಲಿ ಮುಸೊಲಿನಿಯ ಫ್ಯಾಸಿಸ್ಟ್ ಪಕ್ಷ ಸೇರಿದರು. ಪಕ್ಷಗಳ ಮೇಲೆ ನಂಬಿಕೆ ಹೋದವರು ಒಬ್ಬ ಬಲಶಾಲಿಯ ಹಿಂದೆ ಹೋಗುವುದನ್ನು ನಾನು ಇವತ್ತೂ ನೋಡುತ್ತೇನೆ. ನಿರಾಶೆಯಾದಾಗ ತುಂಬಾ ಹುಷಾರಾಗಿರಬೇಕು ಸರ್.

ಈಗಲೂ ಒಳಗಿದ್ದೇನೆ

ನಾನೂ ಒಂದು ಪಕ್ಷದ ಘಟಕದ ಪದಾಧಿಕಾರಿ. ಇಲ್ಲಿ ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಮನೆಮನೆ ಸುತ್ತಿದವರೇ, ಆ ಅಮ್ಮನ ಪಿಂಚಣಿ ಆಯಿತು ಅಂದಿರಲ್ಲ. ಹೇಗಾಯಿತು? ನಿಮ್ಮ ಪಕ್ಷದವರು ಒಬ್ಬರು ಅಧಿಕಾರದಲ್ಲಿದ್ದರು, ಅವರ ಒಂದು ಫೋನ್ ಕರೆಯಿಂದ ಅರ್ಜಿ ಮುಂದೆ ಹೋಗಿರಬೇಕು. ಗೆಲ್ಲದೆ ಅದು ಆಗುವುದಿಲ್ಲ. ಹೊರಗಿನಿಂದ ಬಂದವರಿಗೆ ಟಿಕೆಟ್ ಕೊಡುವುದು ಯಾಕೆ? ಅವರ ಹಿಂದೆ ಮತ ಇದೆ. ನಮ್ಮ ಮೂಲ ಕಾರ್ಯಕರ್ತನಿಗೆ ನಿಷ್ಠೆ ಇದೆ, ಮತ ಇಲ್ಲ. ಈ ನಿರ್ಧಾರ ಮಾಡುವಾಗ ಒಳಗೆ ಕೂತವರಿಗೂ ನೋವಾಗುತ್ತದೆ. ನಾನು ಕೂತಿದ್ದೇನೆ.

ಕಾರ್ಯಕರ್ತರು ಕೇಳಿದ್ದೆಲ್ಲ ಜನರ ಮಾತೂ ಅಲ್ಲ. ಬ್ರಿಟನ್ನಿನಲ್ಲಿ 2022ರಲ್ಲಿ ಕನ್ಸರ್ವೇಟಿವ್ ಪಕ್ಷದ ನಾಯಕರನ್ನು ಸದಸ್ಯರೇ ಆರಿಸಿದರು. ಮತದ ಹಕ್ಕು ಇದ್ದವರು ಸುಮಾರು 1,72,000. ಸಂಸದರ ಸುತ್ತುಗಳಲ್ಲಿ ಮುಂದಿದ್ದದ್ದು ರಿಷಿ ಸುನಕ್. ಸದಸ್ಯರು ಆರಿಸಿದ್ದು ಲಿಜ್ ಟ್ರಸ್ ಅವರನ್ನು. ಪ್ರಧಾನಿಯಾಗಿ ಏಳು ವಾರ ತುಂಬುವ ಮೊದಲೇ ಅವರು ರಾಜೀನಾಮೆ ಘೋಷಿಸಿದರು. ಕೆಳಗಿನವರನ್ನು ಕೇಳಿದರೆ ಎಲ್ಲ ಸರಿಹೋಗುತ್ತದೆ ಅಂತ ಹೇಳುವವರು ಇದನ್ನೂ ನೋಡಬೇಕು ಅಲ್ವಾ?

ಮನೆಮನೆ ಸುತ್ತಿದವ

ಬೇಜಾರಿಲ್ಲ ಸರ್. ಬರೆದಿದ್ದು ಒಳ್ಳೆಯದಾಯಿತು. ನಮ್ಮ ಕಚೇರಿಯಲ್ಲಿ ಯಾರಾದರೂ ನನ್ನ ಎದುರು ಕೂತು ಇಷ್ಟು ನೇರವಾಗಿ ಹೇಳಿದ್ದರೆ ನಾನು ಇವತ್ತು ಇದನ್ನು ಬರೆಯುತ್ತಲೇ ಇರಲಿಲ್ಲ.

ಪಿಂಚಣಿ ವಿಷಯ ನೀವು ಹೇಳಿದ್ದು ನಿಜ. ಒಂದು ಫೋನ್ ಕರೆಯಿಂದಲೇ ಆಯಿತು. ಅದು ನನಗೆ ಖುಷಿ ಕೊಟ್ಟಿತ್ತು. ಈಗ ಅದರ ಬಗ್ಗೆಯೂ ಯೋಚನೆ ಬರುತ್ತದೆ. ಆ ಅಮ್ಮನಿಗೆ ಹಕ್ಕಿನಿಂದ ಬರಬೇಕಾದದ್ದು ನಮ್ಮ ಕರೆಯಿಂದ ಬಂದರೆ, ಕರೆ ಮಾಡಿಸಲು ಯಾರೂ ಇಲ್ಲದ ಪಕ್ಕದ ಮನೆಯವರ ಗತಿ ಏನು? ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಓಡಾಡುವಾಗ ಹೊಳೆದಿರಲಿಲ್ಲ.

ಗೆಲ್ಲಬೇಕು ಅನ್ನುವುದನ್ನೂ ಒಪ್ಪುತ್ತೇನೆ. ಎಲ್ಲವನ್ನೂ ನಾವೇ ತೀರ್ಮಾನ ಮಾಡಬೇಕು ಅಂತ ಹೇಳಿಲ್ಲ. ಆ 11 ದಿನದಲ್ಲಿ ಒಂದು ಸಂಜೆ ನಮ್ಮ 40 ಜನರನ್ನು ಕೂರಿಸಿ, "ಹೀಗಿದೆ ಪರಿಸ್ಥಿತಿ. ಇವರನ್ನು ತರಬೇಕು ಅಂತಿದ್ದೇವೆ. ನೀವು ಇವರ ವಿರುದ್ಧ ಮನೆಮನೆಗೆ ಹೋಗಿ ಹೇಳಿದ್ದೀರಿ, ಅದು ನಮಗೆ ಗೊತ್ತು. ಈಗ ಏನು ಹೇಳಬೇಕು ಅಂತ ಒಟ್ಟಿಗೆ ಯೋಚಿಸೋಣ" ಅಂದಿದ್ದರೆ? ನಾವು ಜಗಳ ಆಡುತ್ತಿದ್ದೆವು. ಕೆಲವರು ಎದ್ದುಹೋಗುತ್ತಿದ್ದರು. ಉಳಿದವರಿಗೆ ಆ ಬಾಗಿಲಲ್ಲಿ ನಿಂತು ಹೇಳಲು ಏನಾದರೂ ಇರುತ್ತಿತ್ತು. ನನಗೆ ಏನೂ ಇರಲಿಲ್ಲ.

ಮೇಲಿನವರಿಗೆ ನೋವಾಗಿದ್ದರೆ ಆ ನೋವನ್ನಾದರೂ ನಮಗೆ ಹೇಳಬಹುದಿತ್ತು.

ಅಂಕಿ ಬರೆಯುವವ

ಕೊನೆಯ ಕಾಲಂ ಬಗ್ಗೆ ಸ್ವಲ್ಪ ಹೇಳಬಲ್ಲೆ. ಒಂದು ಪ್ರಚಾರ ತಂಡದಲ್ಲಿ ಎರಡು ಚುನಾವಣೆಗೆ ಮಾಹಿತಿ ಸಂಗ್ರಹದ ಕೆಲಸ ಮಾಡಿದ್ದೇನೆ. ನಂಬರ್ ಯಾಕೆ ಬೇಕು ಅಂದರೆ ಒಂದು ಗುಂಡಿ ಒತ್ತಿದರೆ ಸಾವಿರಾರು ಜನಕ್ಕೆ ಸಂದೇಶ ಹೋಗುತ್ತದೆ. ಮೇಲಿನವರಿಗೆ ಪರದೆಯ ಮೇಲೆ ದೊಡ್ಡ ಅಂಕಿ ಕಾಣುತ್ತದೆ. ಮನೆಯವರ ತೊಂದರೆ ಬರೆದ ಕಾಲಂ ಇಟ್ಟುಕೊಂಡರೆ ಅದಕ್ಕೆ ಯಾರಾದರೂ ಉತ್ತರ ಕೊಡಬೇಕಾಗುತ್ತದೆ. ಅದಕ್ಕೆ ಜನ ಇಲ್ಲ, ಮನಸ್ಸೂ ಇಲ್ಲ.

ಆದರೆ ಕೆಲಸ ಮಾಡುವುದು ಯಾವುದು ಗೊತ್ತಾ? 1998ರಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಯೇಲ್ ವಿಶ್ವವಿದ್ಯಾಲಯದ ಇಬ್ಬರು, ಆಲನ್ ಗರ್ಬರ್ ಮತ್ತು ಡೊನಾಲ್ಡ್ ಗ್ರೀನ್, ಸುಮಾರು 30,000 ಮತದಾರರ ಮೇಲೆ ಪ್ರಯೋಗ ಮಾಡಿದರು. ಕೆಲವರ ಮನೆಗೆ ಹೋಗಿ ಮುಖಾಮುಖಿ ಮಾತಾಡಿದರು, ಕೆಲವರಿಗೆ ಪತ್ರ, ಕೆಲವರಿಗೆ ಫೋನ್. ಮುಖಾಮುಖಿ ಮಾತಾಡಿದವರಲ್ಲಿ ಮತದಾನ ಚೆನ್ನಾಗಿ ಏರಿತು. ಪತ್ರದಿಂದ ತುಸು ಏರಿತು. ಫೋನ್ ಕರೆಯಿಂದ ಏನೂ ಆಗಲಿಲ್ಲ.

ಅಂದರೆ ಎಲ್ಲಕ್ಕಿಂತ ಬೆಲೆಬಾಳುವ ಕೆಲಸ ಮಾಡುತ್ತಿದ್ದವರು ನೀವು. ಅದನ್ನು ಪಕ್ಷ ಗುರುತಿಸಲಿಲ್ಲ. ನಾನೂ ಆಗ ನಿಮ್ಮಂಥವರಿಗೆ ಫೋನ್ ಮಾಡಿ ನಂಬರ್ ಮಾತ್ರ ಸಾಕು ಅಂದಿದ್ದೇನೆ. ಈಗ ಓದುವಾಗ ಕಷ್ಟವಾಯಿತು. ಕ್ಷಮಿಸಿ.

ಕಾರ್ಯಕರ್ತನ ಮನೆಯವಳು

ನಾನು ಪಕ್ಷದವಳಲ್ಲ. ನಮ್ಮ ಮನೆಯವರು 15 ವರ್ಷ ಇದ್ದರು. ಈಗ ಬಿಟ್ಟಿದ್ದಾರೆ.

ಯಾರೂ ಹೇಳದ ಒಂದು ಮಾತು ಹೇಳುತ್ತೇನೆ. ಪಕ್ಷಕ್ಕಾಗಿ ಅವರು ತಮ್ಮ ಖಾಸಾ ಗೆಳೆಯನ ಜೊತೆ ಮಾತು ಬಿಟ್ಟರು. ಆತ ಎದುರು ಪಕ್ಷ. ಚಿಕ್ಕಂದಿನಿಂದ ಒಟ್ಟಿಗೆ ಬೆಳೆದವರು. ಎದುರು ಬಂದರೆ ಇಬ್ಬರೂ ರಸ್ತೆ ದಾಟಿ ಆ ಕಡೆ ಹೋಗುತ್ತಿದ್ದರು. ಆಮೇಲೆ ಆ ಗೆಳೆಯನ ನಾಯಕ ಇವರ ಪಕ್ಷಕ್ಕೇ ಬಂದ. ಇವರ ನಾಯಕ ವೇದಿಕೆಯ ಮೇಲೆ ಅವನನ್ನು ತಬ್ಬಿಕೊಂಡ. ಇವರಿಬ್ಬರು ಮಾತ್ರ ಇನ್ನೂ ಮಾತಾಡುವುದಿಲ್ಲ. ಮೊನ್ನೆ ಆ ಗೆಳೆಯನ ತಂದೆ ತೀರಿಕೊಂಡಾಗ ನಮ್ಮ ಮನೆಯವರು ಹೋಗಿ ಬಾಗಿಲ ಹೊರಗೆ ನಿಂತು ಬಂದರು. ಒಳಗೆ ಹೋಗಲು ಧೈರ್ಯ ಬರಲಿಲ್ಲವಂತೆ.

ನಾಯಕರು ಪಕ್ಷ ಬದಲಿಸಿದ ಹಾಗೆ ನಮ್ಮಂಥವರಿಗೆ ಸಂಬಂಧ ಬದಲಿಸಲು ಆಗುವುದಿಲ್ಲ.

ಮನೆಮನೆ ಸುತ್ತಿದವ

ಅಕ್ಕಾ, ಅವರಿಗೆ ಹೇಳಿ. ಇನ್ನೊಮ್ಮೆ ಹೋಗಲಿ. ಒಳಗೆ ಹೋಗಲಿ.

ಮೊದಲ ಸಲ ಮತ ಹಾಕುವವ

ನನಗೆ 19. ನಮ್ಮ ಪರಿಚಯದವರೊಬ್ಬರು ಪಕ್ಷದ ಯುವ ಘಟಕಕ್ಕೆ ಸೇರು ಅಂತ ಎರಡು ತಿಂಗಳಿಂದ ಕರೆಯುತ್ತಿದ್ದಾರೆ. ನಿಜವಾಗಿ ಆಸೆ ಇದೆ. ಸುಮ್ನೆ ಮೊಬೈಲ್‌ನಲ್ಲಿ ಬೈಯುತ್ತಾ ಕೂರುವುದಕ್ಕಿಂತ ಏನಾದರೂ ಮಾಡಬೇಕು ಅನ್ನಿಸುತ್ತದೆ. ಇದನ್ನೆಲ್ಲ ಓದಿದ ಮೇಲೆ ಭಯವಾಯಿತು. ಸೇರಲೋ ಬೇಡವೋ?

ಮತಪಟ್ಟಿ ಅಕ್ಕ

ತಮ್ಮಾ, ಸೇರು ಅಂತಲೂ ಹೇಳಲ್ಲ, ಬೇಡ ಅಂತಲೂ ಹೇಳಲ್ಲ. ಸೇರುವ ಮೊದಲು ಪಕ್ಷದ ನಿಯಮಾವಳಿ ಕೇಳಿ ಪಡೆದು ಓದು. ಕೊಡಲು ತಡಮಾಡಿದರೆ ಅದರಲ್ಲೇ ನಿನಗೆ ಅರ್ಧ ಉತ್ತರ ಸಿಕ್ಕಿತು. ಘಟಕದಲ್ಲಿ ಕೊನೆಯ ಸಲ ಕೈ ಎತ್ತಿಯೋ ಚೀಟಿ ಹಾಕಿಯೋ ಮತದಾನ ನಡೆದದ್ದು ಯಾವಾಗ ಅಂತ ಕೇಳು. ಸೋತವರು ಈಗಲೂ ಪಕ್ಷದಲ್ಲಿ ಇದ್ದಾರಾ ಅಂತ ವಿಚಾರಿಸು. ಇದು ತುಂಬಾ ಮುಖ್ಯ. ಸೋತವರನ್ನು ಉಳಿಸಿಕೊಳ್ಳುವ ಘಟಕದಲ್ಲಿ ಉಸಿರಾಡಲು ಜಾಗ ಇರುತ್ತದೆ.

ಹುಡುಗಿಯರು ಸೇರುವುದಾದರೆ, ಸಭೆಯಲ್ಲಿ ಹೆಂಗಸರು ಮಾತಾಡುತ್ತಾರಾ, ಬರೀ ಕೂರುತ್ತಾರಾ ಅಂತ ಒಂದು ದಿನ ಹಿಂದೆ ನಿಂತು ನೋಡಿ.

ಇತಿಹಾಸ ಮೇಷ್ಟ್ರು

ಒಳಗಿರುವ ಗೆಳೆಯರು ಬ್ರಿಟನ್ ಉದಾಹರಣೆ ಕೊಟ್ಟರು, ಅದು ಸರಿಯಾದದ್ದೇ. ಇನ್ನೊಂದು ಕಡೆಯದನ್ನೂ ಸೇರಿಸುತ್ತೇನೆ. ಆ 19ರ ಗೆಳೆಯನಿಗೂ ಇದು ಬೇಕು.

1968ರಲ್ಲಿ ಅಮೆರಿಕದ ಡೆಮಾಕ್ರಟಿಕ್ ಪಕ್ಷ ಹ್ಯೂಬರ್ಟ್ ಹಂಫ್ರಿ ಅವರನ್ನು ಅಧ್ಯಕ್ಷ ಅಭ್ಯರ್ಥಿ ಮಾಡಿತು. ಪಕ್ಷದ ಅಭ್ಯರ್ಥಿ ಯಾರಾಗಬೇಕು ಅಂತ ಮತದಾರರೇ ಮತ ಹಾಕುವ ಚುನಾವಣೆಗೆ ಅಲ್ಲಿ ಪ್ರೈಮರಿ ಅನ್ನುತ್ತಾರೆ. ಅವರು ಒಂದೇ ಒಂದು ಪ್ರೈಮರಿಯಲ್ಲೂ ಸ್ಪರ್ಧಿಸಿರಲಿಲ್ಲ. ಚಿಕಾಗೋದ ಸಮಾವೇಶದ ಹೊರಗೆ ಪೊಲೀಸರ ಲಾಠಿ, ಒಳಗೆ ಕೂಗಾಟ. ಪಕ್ಷ ಸೋತಿತು. ಆದರೆ ಆ ಸಿಟ್ಟು ವ್ಯರ್ಥವಾಗಲಿಲ್ಲ. ಜಾರ್ಜ್ ಮೆಕ್‌ಗವರ್ನ್ ಮತ್ತು ಡೊನಾಲ್ಡ್ ಫ್ರೇಸರ್ ಮುಂದಾಳತ್ವದ ಆಯೋಗ ನಿಯಮಗಳನ್ನೇ ಬದಲಿಸಿತು. 1972ರಿಂದ ಅಭ್ಯರ್ಥಿಯನ್ನು ಆರಿಸುವುದು ಬಹುಪಾಲು ಸಾಮಾನ್ಯ ಮತದಾರರ ಕೈಗೆ ಬಂತು. ಅದರ ಮೊದಲ ಅಭ್ಯರ್ಥಿ ಮೆಕ್‌ಗವರ್ನ್ ಭಾರಿ ಅಂತರದಲ್ಲಿ ಸೋತರು, ಅದೂ ನಿಜ. ಆದರೂ ಆ ಹಕ್ಕನ್ನು ವಾಪಸ್ ಕಿತ್ತುಕೊಳ್ಳಲು ಆಗಲಿಲ್ಲ.

ಜರ್ಮನಿ ತನ್ನ ಸಂವಿಧಾನದಲ್ಲೇ ಬರೆದುಕೊಂಡಿದೆ. 1949ರ ಮೂಲ ಕಾನೂನಿನ 21ನೇ ವಿಧಿ, ಪಕ್ಷಗಳ ಒಳಗಿನ ವ್ಯವಸ್ಥೆ ಪ್ರಜಾಪ್ರಭುತ್ವದ ತತ್ವಕ್ಕೆ ಹೊಂದಬೇಕು ಅನ್ನುತ್ತದೆ. ಅಲ್ಲಿ ಕ್ಷೇತ್ರದ ಅಭ್ಯರ್ಥಿಯನ್ನು ಸದಸ್ಯರು ಅಥವಾ ಅವರು ಆರಿಸಿದ ಪ್ರತಿನಿಧಿಗಳು ಗುಟ್ಟಾಗಿ ಚೀಟಿ ಹಾಕಿ ಆರಿಸಬೇಕು. ಭಾರತದಲ್ಲಿ ಹಾಗೊಂದು ಕಾನೂನಿಲ್ಲ. 1999ರಲ್ಲಿ ಕಾನೂನು ಆಯೋಗ ತನ್ನ 170ನೇ ವರದಿಯಲ್ಲಿ ಪಕ್ಷಗಳ ಒಳಗಿನ ಪ್ರಜಾಪ್ರಭುತ್ವಕ್ಕೆ ಕಾನೂನು ಬೇಕು ಅಂದಿತ್ತು, ಆಗಲಿಲ್ಲ. ಬದಲಿಗೆ 1985ರ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ವಿಪ್, ಅಂದರೆ ಹೀಗೇ ಮತ ಹಾಕಬೇಕು ಅನ್ನುವ ಪಕ್ಷದ ಆದೇಶ, ಅದನ್ನು ಮೀರಿ ಮತ ಹಾಕಿದರೆ ಶಾಸಕನ ಸ್ಥಾನಕ್ಕೇ ಕುತ್ತು. ಅಂದರೆ ಗೆದ್ದು ಒಳಗೆ ಕೂತವರಿಗೂ ಬಾಯಿ ಇಲ್ಲ. ಅವರನ್ನು ಗೆಲ್ಲಿಸಿದವರಿಗೆ ಎಲ್ಲಿಂದ ಬರಬೇಕು?

ನನಗೆ ತುಂಬಾ ಇಷ್ಟವಾದ ಉದಾಹರಣೆ 2018ರದ್ದು. ಆ ಹಳೆಯ ಜರ್ಮನ್ ಪಕ್ಷವೇ. ಎದುರಾಳಿ ಪಕ್ಷದ ಜೊತೆ ಸೇರಿ ಸರ್ಕಾರ ಮಾಡಬೇಕಾ ಅಂತ ತನ್ನ ಸುಮಾರು 4,63,000 ಸದಸ್ಯರನ್ನು ಅಂಚೆ ಮತದ ಮೂಲಕ ಕೇಳಿತು. ಯುವ ಘಟಕ ಬೇಡ ಅಂತ ಊರೂರು ತಿರುಗಿ ಪ್ರಚಾರ ಮಾಡಿತು. ಶೇ 66 ಜನ ಬೇಕು ಅಂದರು. ಯುವಕರು ಸೋತರು. ಆ ಪ್ರಚಾರದ ಮುಂದಾಳು ಕೆವಿನ್ ಕೂನರ್ಟ್ 2021ರಲ್ಲಿ ಅದೇ ಪಕ್ಷದ ಪ್ರಧಾನ ಕಾರ್ಯದರ್ಶಿಯಾದರು. ಮತಪಟ್ಟಿ ಅಕ್ಕ ಹೇಳಿದ್ದು ಇದನ್ನೇ. ಕೇಳಿಸಿಕೊಂಡು ಸೋಲಿಸಿದರೆ ಮನುಷ್ಯ ಉಳಿಯುತ್ತಾನೆ.

ಉರುಗ್ವೆಯಲ್ಲಿ 1971ರಲ್ಲಿ ಹುಟ್ಟಿದ ಫ್ರೆಂತೆ ಆಂಪ್ಲಿಯೊ ಅನ್ನುವ ಒಕ್ಕೂಟ ಪಕ್ಷವೂ ಇದೆ. ಅಲ್ಲಿ ಬೀದಿ ಮಟ್ಟದ ಸಮಿತಿಗಳ ಪ್ರತಿನಿಧಿಗಳಿಗೆ ರಾಷ್ಟ್ರೀಯ ಸಭೆಯಲ್ಲೇ ಸ್ಥಾನ ಇದೆ, ಮತ ಇದೆ. ಇದರ ಬಗ್ಗೆ ಬೇರೆಯಾಗಿ ಬರೆಯುತ್ತೇನೆ, ಇಲ್ಲೇ ಉದ್ದವಾಯಿತು.

ಎರಡು ದೋಣಿ

ನಾನು ಪಕ್ಷ ಬಿಟ್ಟು ನಾಲ್ಕು ವರ್ಷ ನಾಗರಿಕರ ಸಂಘಟನೆಯೊಂದರಲ್ಲಿ ಇದ್ದೆ. ಅಲ್ಲಿ ಮೊದಮೊದಲು ಹಗುರ ಅನ್ನಿಸಿತು. ಯಾರಿಗೂ ಜೈಕಾರ ಹಾಕಬೇಕಿಲ್ಲ. ಆದರೆ ಅಲ್ಲೂ ಎರಡನೇ ವರ್ಷಕ್ಕೆ ಅದೇ ನಾಲ್ಕು ಜನ ತೀರ್ಮಾನ ಮಾಡುತ್ತಿದ್ದರು. ಮೇಷ್ಟ್ರು ಹೇಳಿದ ಉಕ್ಕಿನ ನಿಯಮಕ್ಕೆ ಬಾವುಟ ಬೇಕಿಲ್ಲ. ಎಷ್ಟು ಮನವಿ ಕೊಟ್ಟರೂ ಕೊನೆಗೆ ಕೈ ಎತ್ತಿ ಮತ ಹಾಕುವವರು ಪಕ್ಷದವರೇ ಆಗಿದ್ದರು. ಹಾಗಾಗಿ ಹೊರಗಿದ್ದರೆ ಕೊಳೆ ಅಂಟುವುದಿಲ್ಲ ಅನ್ನುವ ಮಾತನ್ನು ನಾನು ನಂಬುವುದಿಲ್ಲ.

ಈಗಲೂ ಒಳಗಿದ್ದೇನೆ

ಎರಡು ದಿನ ಯೋಚನೆ ಮಾಡಿ ಬರೆಯುತ್ತಿದ್ದೇನೆ. "ಒಂದು ಸಂಜೆ ಕೂರಿಸಿ ಹೇಳಿದ್ದರೆ" ಅನ್ನುವ ಮಾತು ಬಿಡಲಿಲ್ಲ. ನಮ್ಮಲ್ಲೂ ಹಿಂದಿನ ಸಲ ಇದೇ ನಡೆಯಿತು. ಆ ಒಂದು ಸಂಜೆ ನಾನೂ ಕೂರಿಸಲಿಲ್ಲ. ಸಮಯ ಇರಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಅವರ ಮುಖ ನೋಡಲು ಕಷ್ಟವಾಗಿತ್ತು.

ಮುಂದಿನ ತಿಂಗಳು ನಮ್ಮ ಘಟಕದ ಸಭೆ ಇದೆ. ಒಂದು ಪ್ರಸ್ತಾವ ಇಡುತ್ತೇನೆ. ಅಭ್ಯರ್ಥಿ ಯಾರೇ ಆಗಲಿ, ಹೆಸರು ಹೊರಗೆ ಹೋಗುವ ಮೊದಲು ಘಟಕದ ಸಭೆಗೆ ಬರಬೇಕು. ಅಲ್ಲಿ ಬಂದ ಅಭಿಪ್ರಾಯ ಬರಹದಲ್ಲಿ ಮೇಲೆ ಹೋಗಬೇಕು. ತೀರ್ಮಾನ ಅವರದ್ದೇ ಇರಲಿ, ಆದರೆ ಕಾರಣವನ್ನು ಬರಹದಲ್ಲೇ ನಮಗೆ ತಿಳಿಸಬೇಕು. ಇಷ್ಟೇ. ಏನಾಯಿತು ಅಂತ ಇಲ್ಲೇ ಬಂದು ಬರೆಯುತ್ತೇನೆ.

ಮತಪಟ್ಟಿ ಅಕ್ಕ

ಇಡಿ ಸರ್. ಆದರೆ ಪ್ರಸ್ತಾವವನ್ನು ಕಾರ್ಯಸೂಚಿಯಲ್ಲಿ ಮೊದಲೇ ಬರೆಸಿ. "ಇತರೆ ವಿಷಯ" ಅಂತ ಕೊನೆಗೆ ಹಾಕಿದರೆ ಅಷ್ಟು ಹೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ. ಕೈ ಎತ್ತಿಸಿ ಎಣಿಸಿ. ನಡಾವಳಿಯಲ್ಲಿ ಆ ಅಂಕಿ ಬರೆದ ಮೇಲೆ ಓದಿ ಸಹಿ ಹಾಕಿ.

ಮೊದಲ ಸಲ ಮತ ಹಾಕುವವ

ನಿಯಮಾವಳಿ ಕೇಳಿದೆ. ಮೂರು ಸಲ ಕೇಳಿದ ಮೇಲೆ ಕೊಟ್ಟರು. "ಇದನ್ನು ಯಾರೂ ಕೇಳಲ್ಲ" ಅಂದರು. ಓದುತ್ತಿದ್ದೇನೆ. ಇನ್ನೂ ಸೇರಿಲ್ಲ.

ಮನೆಮನೆ ಸುತ್ತಿದ ಅಣ್ಣಾ, ನಿಮ್ಮ ನೋಟ್‌ಬುಕ್‌ಗಳನ್ನು ಏನು ಮಾಡುತ್ತೀರಿ? ನೋಡಲು ಕೊಡುತ್ತೀರಾ?

ಮನೆಮನೆ ಸುತ್ತಿದವ

ಕೊಡಲು ಆಸೆ ಇದೆ ತಮ್ಮಾ, ಆದರೆ ಆಗುವುದಿಲ್ಲ. ಅದರಲ್ಲಿರುವುದು ಆ ಮನೆಯವರ ಮಾತು. ನನ್ನನ್ನು ನಂಬಿ ಹೇಳಿದ್ದು. ಕೊನೆಯ ಕಾಲಂ ಕಳಿಸಿದಾಗ ನಾನು ಅವರನ್ನು ಕೇಳಿರಲಿಲ್ಲ, ಆ ತಪ್ಪು ಒಂದು ಸಲ ಸಾಕು. ಹೇಗೆ ಬರೆಯಬೇಕು, ಏನು ಕೇಳಬೇಕು, ಬೈದರೆ ಹೇಗೆ ನಿಲ್ಲಬೇಕು ಅಂತ ಬೇಕಾದರೆ ಕೂತು ಹೇಳಿಕೊಡುತ್ತೇನೆ. ನೀನು ಯಾವ ಪಕ್ಷ ಅಂತ ಕೇಳುವುದಿಲ್ಲ.

ಆ ಅಮ್ಮನ ಮನೆಗೆ ಹೋಗಿದ್ದೆ. ಮೊನ್ನೆ. ಎರಡರಲ್ಲಿ ಹಳೆಯ ಕರಪತ್ರದಲ್ಲಿದ್ದದ್ದು ನಿಜ ಅಂತ ಹೇಳಿ ಬಂದೆ. "ಗೊತ್ತಿತ್ತು ಬಿಡು" ಅಂದರು. ಆಮೇಲೆ ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರು ತಪ್ಪಾಗಿದೆ, ಸರಿಮಾಡಿಸಿ ಕೊಡು ಅಂದರು. ಅರ್ಜಿ ತುಂಬಿ ಕೊಟ್ಟಿದ್ದೇನೆ. ಈ ಸಲ ಯಾರಿಗೂ ಫೋನ್ ಮಾಡಿಸಿಲ್ಲ. ಸಾಲಿನಲ್ಲಿ ನಿಂತೇ ಕೊಟ್ಟೆ.

ಈಗಲೂ ಒಳಗಿದ್ದೇನೆ

ಸಭೆ ಮುಗಿಯಿತು. ಹೇಳಿದ ಹಾಗೆ ಬರೆಯುತ್ತಿದ್ದೇನೆ.

ಕಾರ್ಯಸೂಚಿಯಲ್ಲಿ 7ನೇ ವಿಷಯವಾಗಿ ಹಾಕಿದ್ದರು. ಹೊತ್ತಾಯಿತು, ಮುಂದಿನ ಸಲ ನೋಡೋಣ ಅಂದರು. ಇವತ್ತೇ ಆಗಬೇಕು ಅಂತ ನಿಂತುಕೊಂಡೆ. ಹಿಂದೆ ಕೂತಿದ್ದ ಇಬ್ಬರು ಹಳೆಯ ಕಾರ್ಯಕರ್ತರೂ ನಿಂತುಕೊಂಡರು. ಅವರ ಜೊತೆ ನಾನು ಒಂದು ವರ್ಷದಿಂದ ಸರಿಯಾಗಿ ಮಾತೇ ಆಡಿರಲಿಲ್ಲ.

ಹಾಜರಿದ್ದವರು 31. ಪರವಾಗಿ ಕೈ ಎತ್ತಿದವರು 12, ವಿರುದ್ಧ 7, ಉಳಿದವರು ಸುಮ್ಮನೆ ಕೂತರು. ಪ್ರಸ್ತಾವ ಮೇಲಿನ ಸಮಿತಿಗೆ ಹೋಗಿದೆ. ಉತ್ತರ ಬಂದಿಲ್ಲ. ಒಬ್ಬ ಹಿರಿಯರು ಹೊರಗೆ ಬಂದು, "ನಿನಗೆ ಇದೆಲ್ಲ ಯಾಕೆ ಬೇಕಿತ್ತು" ಅಂದರು.

ನಡಾವಳಿಯಲ್ಲಿ ಮೊದಲು "ಚರ್ಚಿಸಲಾಯಿತು" ಅಂತ ಮಾತ್ರ ಬರೆದಿದ್ದರು. ಅಂಕಿ ಬರೆಯದೆ ಸಹಿ ಹಾಕುವುದಿಲ್ಲ ಅಂದೆ. 12 ಮತ್ತು 7 ಅಂತ ಬರೆಸಿ, ಓದಿ, ಆಮೇಲೆ ಸಹಿ ಹಾಕಿದೆ.

ಮತಪಟ್ಟಿ ಅಕ್ಕ

ಆ ಪುಟದ ಫೋಟೋ ತೆಗೆದಿಟ್ಟುಕೊಂಡಿರಾ?

ಈಗಲೂ ಒಳಗಿದ್ದೇನೆ

ಇಟ್ಟುಕೊಂಡಿದ್ದೇನೆ ಅಕ್ಕಾ. ನಿಂತುಕೊಂಡ ಆ ಇಬ್ಬರಿಗೂ ಕಳಿಸಿದ್ದೇನೆ.